ಆರ್‌ಪಿ ಸರ್ವರ್‌ಗೆ ರೂಲ್ಸ್ ಬರೀತಿದೀವಿ, ಯಾವ್ದೆಲ್ಲ ಇರ್ಲೇಬೇಕು?

ಬೆಣ್ಣೆದೋಸೆ:
ಎಲ್ರಿಗೂ ನಮಸ್ಕಾರ. ಜಿಟಿಎ 5 ಗೇಮ್ ಮೇಲೆ ಫೈವ್‌ಎಮ್ (ನಮ್ದೇ ಸರ್ವರ್ ನಡೆಸೋಕೆ ಬಿಡೋ ಮಾಡ್) ಹಾಕ್ಕೊಂಡು ನಾವು ಫ್ರೆಂಡ್ಸ್ ಸೇರಿ ಒಂದು ಚಿಕ್ಕ ಕನ್ನಡ ರೋಲ್‌ಪ್ಲೇ (ಆರ್‌ಪಿ, ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಆಡೋದು) ಸರ್ವರ್ ಶುರು ಮಾಡ್ತಿದೀವಿ. ಬೇರೆ ಸರ್ವರ್‌ಗಳ ರೂಲ್ಸ್ ತೆಗ್ದು ನೋಡಿದ್ರೆ ಒಂದೊಂದೂ ಎಸ್ಸೆಸ್ಸೆಲ್ಸಿ ಗೈಡ್ ಥರ ಇದಾವೆ. ಆರ್‌ಡಿಎಂ, ವಿಡಿಎಂ ಓಕೆ, ಕಾರಣ ಇಲ್ದೆ ಗುಂಡು ಹೊಡೀಬೇಡ, ಕಾರ್ ಹತ್ತಿಸ್ಬೇಡ ಅಂದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ. ಮೆಟಾಗೇಮಿಂಗು, ಪವರ್‌ಗೇಮಿಂಗು, ನ್ಯೂ ಲೈಫ್ ರೂಲು ಇವನ್ನ ಹೊಸಬ್ರಿಗೆ ಹೆಂಗೆ ಹೇಳೋದು? ಇಷ್ಟೆಲ್ಲ ಬೇಕಾ?

ರಾಗಿಮುದ್ದೆ:
ಬೇಕು ಗುರು, ಅದ್ರಲ್ಲೂ ಮೆಟಾಗೇಮಿಂಗ್, ಅಂದ್ರೆ ಗೇಮ್ ಹೊರಗಡೆ ಗೊತ್ತಾಗಿದ್ದನ್ನ ಗೇಮ್ ಒಳಗೆ ಬಳಸೋದು, ಅದಕ್ಕೆ ರೂಲ್ ಹಾಕ್ದೆ ಬಿಟ್ಟೆ ಅಂದ್ರೆ ಸರ್ವರ್ ಕಥೆ ಮುಗೀತು. ಒಡವೆ ಅಂಗಡಿ ದರೋಡೆ ನಡೀತಿದೆ ಅಂತಿಟ್ಕೋ, ಗ್ಯಾಂಗಲ್ಲಿ ಒಬ್ಬ ಹೊರಗಡೆ ಗುಂಡು ತಿಂದು ಪ್ರಜ್ಞೆ ಇಲ್ದೆ ಬಿದ್ದಿದಾನೆ, ಆದ್ರೆ ಗೇಮ್ ಹೊರಗಡೆ ಡಿಸ್ಕಾರ್ಡ್ ಆಪ್ ಕಾಲಲ್ಲಿ ಮಾತ್ರ "ಮಚ್ಚಾ ಹಿಂದ್ಗಡೆ ಬಾಗ್ಲಲ್ಲಿ ಇಬ್ರು ಪೊಲೀಸ್ ನಿಂತವ್ರೆ" ಅಂತ ಲೈವ್ ಕಾಮೆಂಟ್ರಿ ಕೊಡ್ತಿರ್ತಾನೆ. ಅಷ್ಟೊತ್ತು ಕಾದು ಪ್ಲಾನ್ ಮಾಡಿದ ಪೊಲೀಸ್ ಆಡೋ ಹುಡುಗ ನಾಳೆಯಿಂದ ಲಾಗಿನ್ ಆಗೋದೇ ಇಲ್ಲ. ಇನ್ನೊಬ್ರ ಯೂಟ್ಯೂಬ್ ಲೈವ್ ನೋಡ್ಕೊಂಡು ಅವ್ರ ಅಡ್ಡಾ ಹುಡುಕೋದೂ ಇದೇ ಲೆಕ್ಕ.
ಪವರ್‌ಗೇಮಿಂಗ್ ಅಂದ್ರೆ ಎದುರಿಗಿರೋನಿಗೆ ಚಾನ್ಸೇ ಕೊಡ್ದೆ ಇರೋದು. ಮೀ ಕಮಾಂಡಲ್ಲಿ (ನಮ್ ಕ್ಯಾರೆಕ್ಟರ್ ಏನ್ಮಾಡ್ತಿದೆ ಅಂತ ಟೈಪ್ ಮಾಡೋದು) "ಗನ್ ಕಿತ್ಕೊಂಡ" ಅಂತ ಹಾಕಂಗಿಲ್ಲ, "ಕಿತ್ಕೊಳ್ಳೋಕೆ ನೋಡ್ತಾನೆ" ಅಂತ ಹಾಕು, ಆಮೇಲೆ ಅವ್ನು ಏನ್ಮಾಡ್ತಾನೋ ಮಾಡ್ಲಿ. ನ್ಯೂ ಲೈಫ್ ಅಂದ್ರೆ ಬಿದ್ದು ಎದ್ಮೇಲೆ ಹಳೇದು ನೆನಪಿರುತ್ತಾ ಇಲ್ವಾ ಅನ್ನೋ ರೂಲು, ಅದು ಒಂದೊಂದು ಕಡೆ ಒಂದೊಂದು ಥರ. ನಾನಾಡೋ ಕಡೆ ಇಎಂಎಸ್ (ಆಂಬುಲೆನ್ಸ್ ಟೀಮ್ ಆಡೋರು) ಬಂದು ಎಬ್ಬಿಸಿದ್ರೆ ನೆನಪಿರುತ್ತೆ, ರೀಸ್ಪಾನ್ ಆಗಿ, ಅಂದ್ರೆ ಹೊಸದಾಗಿ ಹುಟ್ಟಿ ಆಸ್ಪತ್ರೇಲಿ ಎದ್ರೆ ಆ ಗಲಾಟೆ ಪೂರ್ತಿ ಮರ್ತಂಗೆ, ಸೇಡಿಗೆ ವಾಪಸ್ ಹೋಗಂಗಿಲ್ಲ.

ಪೊಲೀಸ್_ಪಾಪಣ್ಣ:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ರೂಲ್ಸ್ ಎಷ್ಟು ಚೆನ್ನಾಗಿ ಬರೆದ್ರೂ ಅಡ್ಮಿನ್‌ಗಳು ಸರಿ ಇಲ್ಲ ಅಂದ್ರೆ ಏನೂ ಪ್ರಯೋಜನ ಇಲ್ಲ. ಅಡ್ಮಿನ್ ಆಡೋ ಗ್ಯಾಂಗ್ ಮೇಲೆ ಟಿಕೆಟ್ (ಕಂಪ್ಲೇಂಟ್) ಬಂದ್ರೆ ಅದನ್ನ ಅವ್ನು ಮುಟ್ಟಂಗಿಲ್ಲ, ಇದನ್ನ ಮೊದ್ಲು ಬರೀರಿ. ವಿಡಿಯೋ ಕ್ಲಿಪ್ ಇಲ್ದೆ ಕಂಪ್ಲೇಂಟ್ ತಗೋಬೇಡಿ, ಇಲ್ಲಾಂದ್ರೆ ಅವ್ನಂಗಂದ ಇವ್ನಿಂಗಂದ ಅಂತ ರಾತ್ರಿ ಪೂರ್ತಿ ಪಂಚಾಯ್ತಿ. ಕೈಗೆ ಕೋಳ ಬೀಳೋ ಟೈಮಿಗೆ "ಕರೆಂಟ್ ಹೋಯ್ತು ಸಾರ್" ಅನ್ನೋರಿಗೂ ಒಂದು ರೂಲ್ ಇಡಿ. ನಿಜವಾಗ್ಲೂ ಹೋಗಿದ್ರೆ ವಾಪಸ್ ಬಂದು ಅಲ್ಲಿಂದ್ಲೇ ಸೀನ್ ಮುಂದುವರಿಸ್ಲಿ, ನಮ್ಮೂರಲ್ಲಿ ಕರೆಂಟ್ ಹೋಗೋದೇನು ಸುಳ್ಳಲ್ಲ.

ತುಂಗಾತೀರ:
ಯಾರೂ ಹೇಳ್ಲಿಲ್ಲ ನಾನೇ ಹೇಳ್ತೀನಿ. ಹುಡುಗಿ ದನಿ ಕೇಳಿದ ತಕ್ಷಣ ಮೂರು ಗಾಡಿ ಹಿಂದೆ ಬರುತ್ವೆ, ರಿಪೋರ್ಟ್ ಮಾಡಿದ್ರೆ "ಅದು ನಾನಲ್ಲ ನನ್ ಕ್ಯಾರೆಕ್ಟರ್" ಅಂತಾರೆ. ಕ್ಯಾರೆಕ್ಟರ್ ಹೆಸ್ರಲ್ಲಿ ಲೈಂಗಿಕ ಕಿರುಕುಳ, ಜಾತಿ ಎತ್ತಿ ಬೈಯೋದು, ಅಮ್ಮ ಅಕ್ಕ ಅನ್ನೋದು ಮಾಡಿದ್ರೆ ವಾರ್ನಿಂಗ್ ಇಲ್ಲ, ಸೀದಾ ಬ್ಯಾನ್ ಅಂತ ಹಾಕಿ. ಲವ್ ಸೀನೋ ಟಾರ್ಚರ್ ಸೀನೋ, ಎದುರಿಗಿರೋರು ಬೇಡ ಅಂದ್ರೆ ಅಲ್ಲಿಗೇ ನಿಲ್ಸ್ಬೇಕು, ಕಾರಣ ಕೇಳಂಗಿಲ್ಲ.

ಬೆಣ್ಣೆದೋಸೆ:
ಥ್ಯಾಂಕ್ಸ್ ಎಲ್ರಿಗೂ, ತುಂಗಾ ಅವ್ರು ಹೇಳಿದ್ದು ಮೊದಲ್ನೇ ರೂಲ್ ಆಗುತ್ತೆ. ಇನ್ನೊಂದು, ಸರ್ವರ್ ಖರ್ಚಿಗೆ ದುಡ್ಡು ತಗೊಂಡು ಗೇಮ್ ಕ್ಯಾಶ್ ಕೊಡೋಣ ಅಂತ ಒಬ್ಬ ಹೇಳ್ತಿದಾನೆ, ಮಾಡ್ಬಹುದಾ?

ರಾಗಿಮುದ್ದೆ:
ಬೇಡ. ಗೇಮ್ ಕರೆನ್ಸಿ ಮಾರೋದು, ಲೂಟ್ ಬಾಕ್ಸು (ಒಳಗೇನಿದೆ ಅಂತ ಗೊತ್ತಿಲ್ದೆ ಕೊಳ್ಳೋ ಡಬ್ಬ), ಕ್ರಿಪ್ಟೋ ಇವೆಲ್ಲ ಆರ್‌ಪಿ ಸರ್ವರಲ್ಲಿ ಇರಂಗಿಲ್ಲ ಅಂತ ಜಿಟಿಎ ಮಾಡೋ ಕಂಪನಿ ರಾಕ್‌ಸ್ಟಾರ್ 2022ರಲ್ಲೇ ಹೇಳಿದೆ, 2023ರಲ್ಲಿ ಫೈವ್‌ಎಮ್ ಟೀಮನ್ನೇ ತಮ್ಮೊಳಗೆ ಸೇರಿಸ್ಕೊಂಡ್ರು. ಆ ನಿನ್ ಫ್ರೆಂಡ್‌ಗೆ ಅಡ್ಮಿನ್ ಮಾತ್ರ ಕೊಡ್ಬೇಡ ಮಾರಾಯ.