‘ಗ್ರೇಸ್’ಗೆ ಕೃಪೆ ಸರಿ, ‘ರಿಡೆಂಪ್ಶನ್’ಗೆ ವಿಮೋಚನೆ ಸಾಕೇ?

ಎಲ್ಲರಿಗೂ ನಮಸ್ಕಾರ.

‘ಅಮೇಜಿಂಗ್ ಗ್ರೇಸ್’ ಎಂಬ ಇಂಗ್ಲಿಷ್ ಕ್ರೈಸ್ತ ಭಕ್ತಿಗೀತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ನಾಲ್ಕು ಸಾಲು ಅರ್ಥವನ್ನೂ ಬರೆಯಬೇಕು. ಎರಡು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಮೊದಲನೆಯದು ಗ್ರೇಸ್. ಕನ್ನಡ ಬೈಬಲಿನಲ್ಲಿ ಇದು ಕೃಪೆ. ಕರುಣೆ ಅಂದರೂ ನಡೆಯುತ್ತದೆ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಎದುರಿಗಿರುವವರ ಕಷ್ಟ ನೋಡಿ ಹುಟ್ಟುವುದು ಕರುಣೆ. ಕೃಪೆಗೆ ಆ ಕಾರಣವೂ ಬೇಡ, ಕೊಡುವವನ ಮನಸ್ಸು ಅಷ್ಟೇ. ಬೈಬಲಿನ ಗ್ರೀಕ್ ಮೂಲದಲ್ಲಿ ಇದಕ್ಕಿರುವ ‘ಖಾರಿಸ್’ ಕೂಡ ಯೋಗ್ಯತೆ ನೋಡದೆ ಕೊಟ್ಟದ್ದು. ಲ್ಯಾಟಿನ್ನಿನ ‘ಗ್ರಾಟಿಯಾ’ದಿಂದಲೇ ಗ್ರೇಸೂ ಬಂತು, ಪುಕ್ಕಟೆ ಎಂಬರ್ಥದ ‘ಗ್ರಾಟಿಸ್’ ಕೂಡ ಬಂತು. ಆದರೆ ನಮ್ಮಲ್ಲಿ ‘ಕೃಪಾಂಕ’ ಎಂಬುದೊಂದಿದೆಯಲ್ಲ, ಅದು ದಾರಿ ತಪ್ಪಿಸುತ್ತದೆ. ಪಾಸಾಗಲು ಎರಡು ಮೂರು ಅಂಕ ಕಡಿಮೆ ಬಿದ್ದವನಿಗೆ ಅದು. ಈ ಹಾಡಿನ ಕೃಪೆ ಸೊನ್ನೆ ತೆಗೆದವನಿಗೂ ಸಿಗುವಂಥದ್ದು!

ಇನ್ನೊಂದು ತೊಡಕು ಎರಡನೇ ಚರಣದಲ್ಲಿ. ಭಯಪಡಲು ಕಲಿಸಿದ್ದೂ ಕೃಪೆಯೇ, ಆ ಭಯ ನೀಗಿದ್ದೂ ಕೃಪೆಯೇ ಎನ್ನುತ್ತಾನೆ ಕವಿ. ಭಯ ಕಲಿಸುವ ಕೃಪೆ ಕನ್ನಡದ ಕಿವಿಗೆ ವಿಚಿತ್ರ, ಅಲ್ವಾ? ತನ್ನ ತಪ್ಪು ತನಗೇ ಕಾಣುವಂತೆ ಮಾಡುವುದೂ ಕೃಪೆಯ ಕೆಲಸ ಎಂದು ಅರ್ಥ. ಸದ್ಯಕ್ಕೆ ‘ಅಂಜಿಕೆ’ ಹಾಕಿದ್ದೇನೆ. ದೇವರಿಗೆ ಅಂಜುವುದು ನಮಗೆ ಹೊಸ ಮಾತಲ್ಲ.

ಈಗ ರಿಡೆಂಪ್ಶನ್. ತಮಾಷೆಯೆಂದರೆ ಮೂಲದ ಆರು ಚರಣಗಳಲ್ಲಿ ಈ ಪದವೇ ಇಲ್ಲ. ಆದರೂ ಅರ್ಥ ಹೇಳುವಾಗ ಅದಿಲ್ಲದೆ ಆಗುವುದಿಲ್ಲ. ಬರೆದ ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ಇದ್ದವನು. 1748ರಲ್ಲಿ ಬಿರುಗಾಳಿಗೆ ಸಿಕ್ಕು ದೇವರನ್ನು ನೆನೆದ. ಹಾಗಂತ ಆ ಕಸುಬನ್ನು ತಕ್ಷಣ ಬಿಡಲಿಲ್ಲ, 1754ರವರೆಗೂ ಹಡಗು ನಡೆಸಿದ. ಹಾಡು ಅಚ್ಚಾದದ್ದು 1779ರಲ್ಲಿ. ಗುಲಾಮರ ವ್ಯಾಪಾರದ ವಿರುದ್ಧ ಅವನು ಬರೆದು ಪ್ರಕಟಿಸಿದ್ದು 1788ರಲ್ಲಿ.

ಮನುಷ್ಯರಿಗೆ ಬೆಲೆ ಕಟ್ಟಿದವನ ಹಾಡಿಗೆ ಅರ್ಥ ಬರೆಯುವಾಗ ‘ಬೆಲೆ’ಯನ್ನೇ ಬಿಡುವುದು ಹೇಗೆ? ರಿಡೆಂಪ್ಶನ್ ಎಂದರೆ ಬೆಲೆ ತೆತ್ತು ಮರಳಿ ಪಡೆಯುವುದು. ಗ್ರೀಕಿನ ‘ಲುಟ್ರಾನ್’ ಗುಲಾಮನನ್ನೋ ಸೆರೆಯಾಳನ್ನೋ ಬಿಡಿಸಲು ಕೊಡುವ ಹಣ. ವಿಮೋಚನೆಯಲ್ಲಿ ಬಿಡುಗಡೆ ಇದೆ, ಹಣ ತೆತ್ತವರು ಕಾಣುವುದಿಲ್ಲ. ಮೋಕ್ಷ, ಮುಕ್ತಿ ಅಂತೂ ಬೇರೆಯೇ ದಾರಿ.

ನನಗೆ ಹತ್ತಿರ ಅನ್ನಿಸಿದ್ದು ‘ಬಿಡಿಸಿಕೊಳ್ಳು’. ಅಡವಿಟ್ಟ ಒಡವೆ ಬಿಡಿಸಿಕೊಂಡೆ ಎನ್ನುತ್ತೇವಲ್ಲ, ಅದೇ. ವಸ್ತು ಮೊದಲೂ ನಮ್ಮದೇ, ಆದರೂ ದುಡ್ಡು ಕಟ್ಟಿ ತರುತ್ತೇವೆ. ಆ ‘ಕೊಳ್ಳು’ವಿನಲ್ಲಿ ಪಡೆಯುವುದೂ ಇದೆ, ಕ್ರಯ ಕೊಡುವುದೂ ಇದೆ. ರಿಡೆಂಪ್ಶನ್ನಿನೊಳಗೆ ಅಡಗಿರುವ ಲ್ಯಾಟಿನ್ ‘ಎಮೆರೆ’ಗೂ ಮೊದಲು ‘ತೆಗೆದುಕೊಳ್ಳು’ ಎಂದೇ ಅರ್ಥವಿತ್ತು, ‘ಕ್ರಯಕ್ಕೆ ಕೊಳ್ಳು’ ಆದದ್ದು ಆಮೇಲೆ.

ತೊಂದರೆ ಇಷ್ಟೇ, ‘ಬಿಡಿಸಿಕೊಳ್ಳುವಿಕೆ’ ಎಂದು ಬರೆದರೆ ಸರ್ಕಾರಿ ಸುತ್ತೋಲೆಯ ಹಾಗಿರುತ್ತದೆ. ಹಳೆಯ ಕನ್ನಡ ಬೈಬಲಿನಲ್ಲಿ ಪ್ರಾಣವನ್ನು ‘ಈಡು ಕೊಡು’ವ ಮಾತು ಬರುತ್ತದೆ. ಬಿಡುಗಡೆಗೆ ತೆರುವ ಬೆಲೆ ಎಂಬ ಅರ್ಥದ ಈ ‘ಈಡು’ ನಿಮ್ಮ ಕಡೆ ಮಾತಿನಲ್ಲಿ ಇನ್ನೂ ಇದೆಯೇ? ಅಥವಾ ಬೆಲೆಯನ್ನೂ ಬಿಡುಗಡೆಯನ್ನೂ ಒಟ್ಟಿಗೆ ಹೇಳುವ ಬೇರೆ ನಾಮಪದ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.