ರಾತ್ರಿ ಎರಡಕ್ಕೆ ಗೋಡೆ ನೋಡುತ್ತಾ ನಿಲ್ಲುವ ಕೆಂಚ

ಪ್ರಶ್ನೆ: ಡಾಕ್ಟ್ರೇ, ನಮ್ಮ ನಾಯಿ ಕೆಂಚನಿಗೆ 14 ವರ್ಷ. ಬೆಂಗಳೂರಿನ ಹನುಮಂತನಗರದ ಹಳೇ ಮನೆ ಮುಂದೆ ಮಳೆಯಲ್ಲಿ ನೆನೆಯುತ್ತಿದ್ದ ಬೀದಿ ಮರಿ. ಎಲ್‌ಕೆಜಿಯಲ್ಲಿದ್ದ ಮಗಳು ಎತ್ತಿಕೊಂಡು ಬಂದಳು. ಈಗ ಅವಳು ಕಾಲೇಜು. ನಾವು ಫ್ಲಾಟಿಗೆ ಬಂದಿದ್ದೇವೆ. ಎರಡು ತಿಂಗಳಿಂದ ಇವನು ರಾತ್ರಿ ಎರಡಕ್ಕೆ ಎದ್ದು ಅಡುಗೆಮನೆ ಮೂಲೆಯಲ್ಲಿ ಗೋಡೆ ನೋಡುತ್ತಾ ನಿಲ್ಲುತ್ತಾನೆ. ಹಗಲೆಲ್ಲ ನಿದ್ದೆ. ಹಾಲ್‌ನಲ್ಲೇ ಉಚ್ಚೆ. ಮೊನ್ನೆ ನಾನು ಕೆಲಸದಿಂದ ಬಂದರೆ ಬಾಲವನ್ನೂ ಆಡಿಸಲಿಲ್ಲ. ಪಕ್ಕದವರು, "ಬೀದಿ ನಾಯಿಗೆ ಇಷ್ಟೆಲ್ಲ ಯಾಕೆ, ಸಾಯುವ ಇಂಜೆಕ್ಷನ್ ಕೊಡಿಸಿಬಿಡಿ" ಎನ್ನುತ್ತಾರೆ. ನನ್ನನ್ನೇ ಮರೆತುಬಿಟ್ಟನಾ?

ಪಶುವೈದ್ಯರ ಉತ್ತರ: ಇಂಜೆಕ್ಷನ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಮುದಿ ನಾಯಿಗಳಿಗೂ ಮರೆವಿನ ಕಾಯಿಲೆ ಬರುತ್ತದೆ. ನೀವು ಹೇಳುತ್ತಿರುವುದು ಹೆಚ್ಚುಕಡಿಮೆ ಹಾಗೇ ಇದೆ. ಆದರೆ ನೋಡದೆ ಷರಾ ಬರೆಯಲಾರೆ. ಉಚ್ಚೆ ಜಾಸ್ತಿಯಾದರೆ ಕಿಡ್ನಿ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಕೀಲು ನೋವಿದ್ದರೂ ರಾತ್ರಿ ಮಲಗಲಾಗುವುದಿಲ್ಲ. ಇನ್ನು ಬಾಲದ ವಿಷಯ. ಕಿವಿ ಮಂದವಾಗಿ ನೀವು ಬಂದದ್ದೇ ಗೊತ್ತಾಗಿರಲಿಕ್ಕಿಲ್ಲ, ಅಲ್ವಾ? ಮೊದಲು ರಕ್ತ, ಮೂತ್ರ, ಬಿಪಿ ನೋಡಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಹೋಗಬಹುದು.

ಮನೆಯಲ್ಲಿ ಟೈಲ್ಸ್ ಮೇಲೆ ಓಡಾಡುವ ಕಡೆಯೆಲ್ಲ ಮ್ಯಾಟ್ ಹಾಕಿ. ಮುದಿ ಕಾಲಿಗೆ ನುಣುಪು ಟೈಲ್ಸ್ ಎಂದರೆ ಪಾಚಿ ಕಟ್ಟಿದ ಮೆಟ್ಟಿಲು. ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಸೋಫಾ, ನೀರಿನ ಬಟ್ಟಲು ಇದ್ದಲ್ಲೇ ಇರಲಿ. ಬಾಗಿಲಲ್ಲಿ ನಿಂತು ಕೂಗಬೇಡಿ. ಹತ್ತಿರ ಹೋಗಿ ಅಂಗೈಯನ್ನು ಮೂಗಿನ ಮುಂದೆ ಹಿಡಿಯಿರಿ. ಕಣ್ಣು, ಕಿವಿ ಸೋತರೂ ಮೂಗು ಕೈಕೊಡುವುದು ಕಡಿಮೆ.

ಪಕ್ಕದವರನ್ನು ಒಮ್ಮೆ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಕಳಿಸಿ. ಅಲ್ಲಿ ಆತಕೂರಿನ ಶಾಸನವಿದೆ, ಕ್ರಿ.ಶ. 950ರ ಸುಮಾರಿನದು. ಗಂಗರ ರಾಜ ಬೂತುಗ ಮೆಚ್ಚಿ ಏನು ಬೇಕು ಎಂದಾಗ, ಮಣಲೆರ ಎಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಅದಕ್ಕೇ ನಿಲ್ಲಿಸಿದ ಕಲ್ಲು ಅದು.

ಇನ್ನೊಬ್ಬರು: ನಮ್ಮ ಲ್ಯಾಬ್ರಡಾರ್ ನಾಯಿಗೂ ಮಂಡಿ ನೋವು. ನಾನು ನೋವಿಗೆ ತಗೊಳ್ಳುವ ಐಬುಪ್ರೊಫೆನ್ ಅರ್ಧ ಮಾತ್ರೆ ಕೊಡಬಹುದಾ?

ಪಶುವೈದ್ಯರು: ಬೇಡವೇ ಬೇಡ. ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹೋಗುತ್ತದೆ. ಬೆಕ್ಕು ಸಾಕಿದವರೂ ಕೇಳಿ, ಅದಕ್ಕೆ ಪ್ಯಾರಾಸಿಟಮಾಲ್ ವಿಷ.

ಕೆಂಚನ ಮನೆಯವರು: ಪರೀಕ್ಷೆ ಆಯಿತು. ಕಿಡ್ನಿ ಪರವಾಗಿಲ್ಲ. ಸೊಂಟದ ಕೀಲು ಸವೆದಿದೆಯಂತೆ. ನೋವಿನ ಔಷಧಿ ಶುರುವಾದ ಮೇಲೆ ಈ ವಾರ ಮೂರು ರಾತ್ರಿ ಪೂರ್ತಿ ಮಲಗಿದ. ಮೂಲೆಗೆ ಹೋಗುವುದು ನಿಂತಿಲ್ಲ. ಒಂದು ಕೇಳಲಾ? ಆ ದಿನ ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಪಶುವೈದ್ಯರು: ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ಗುರುತು ಹಾಕುತ್ತಾ ಬನ್ನಿ. ತಾನಾಗಿ ಎದ್ದು, ಊಟ ಮಾಡಿ, ಹೊರಗೆ ಮೂಸಾಡಿ ಬಂದ ದಿನಕ್ಕೆ ಗೀಟು. ಇಲ್ಲದ ದಿನಕ್ಕೆ ಸೊನ್ನೆ. ಮಗಳೂ ಹಾಕಲಿ, ನೀವೊಬ್ಬರೇ ಬೇಡ. ಸೊನ್ನೆಗಳೇ ಜಾಸ್ತಿಯಾದ ವಾರ ನನಗೆ ಫೋನ್ ಮಾಡಿ. ಕ್ಲಿನಿಕ್‌ಗೆ ತರಬೇಡಿ, ಮನೆಗೇ ಬರುತ್ತೇನೆ.