ಸಿಎನ್‌ಸಿ ಲೇತ್‌ನ ಸವಕಳಿ: ನನ್ನ ಲೆಕ್ಕಕ್ಕೂ ಆಡಿಟರ್ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ

ಲೆಕ್ಕದ ಪುಟ:
ನಾನು ಪೀಣ್ಯದ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. 2024-25ರಲ್ಲಿ ಹೊಸ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ತಗೊಂಡೆವು. ಜಿಎಸ್‌ಟಿ ಸೇರಿ ಬಿಲ್ 22,89,200 ರೂಪಾಯಿ. ಅದಕ್ಕೆ 15% ಹಾಕಿ 3,43,380 ಸವಕಳಿ (ಯಂತ್ರದ ಬೆಲೆಯಲ್ಲಿ ವರ್ಷಕ್ಕಿಷ್ಟು ಅಂತ ಖರ್ಚಿಗೆ ಕಳೆಯುವ ಮೊತ್ತ) ಬರೆದೆ. ಆಡಿಟರ್ ಅದನ್ನು ಹೊಡೆದುಹಾಕಿ 52,402 ಅಂತ ಬರೆದಿದ್ದಾರೆ. ಇಷ್ಟೊಂದು ವ್ಯತ್ಯಾಸ ಹೇಗೆ ಬರುತ್ತದೆ? ಎರಡು ದಿನದಿಂದ ಇದೇ ಯೋಚನೆ.

ಹಳೇ ಲೆಡ್ಜರ್:
ಮೇಡಂ, ಮೊದಲು ಇಷ್ಟು ಹೇಳಿ. ಆ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದೀರಾ, ಅಂದರೆ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡಿದ್ದೀರಾ? ಲಾರಿ ಬಾಡಿಗೆ, ಫೌಂಡೇಶನ್ ಖರ್ಚು ಎಲ್ಲಿ ಬರೆದಿದ್ದೀರಿ? ಮೆಷಿನ್ ಯಾವತ್ತಿಂದ ಓಡುತ್ತಿದೆ?

ಲೆಕ್ಕದ ಪುಟ:
ಕ್ರೆಡಿಟ್ ತಗೊಂಡಿದ್ದೇವೆ ಸರ್. ಲಾರಿ, ಫೌಂಡೇಶನ್ ಸೇರಿ 60,000 ಆಯಿತು, ಅದನ್ನು ಆ ವರ್ಷದ ಖರ್ಚಿಗೆ ಹಾಕಿದೆ. ಮೆಷಿನ್ ರೆಡಿಯಾಗಿ ಓಡಿದ್ದು 2024ರ ನವೆಂಬರ್ 1ರಿಂದ.

ಹಳೇ ಲೆಡ್ಜರ್:
ಹಾಗಾದರೆ ತೊಡಕು ಬೆಲೆಯಲ್ಲೇ ಶುರುವಾಗಿದೆ. ಕ್ರೆಡಿಟ್ ತಗೊಂಡ ಜಿಎಸ್‌ಟಿ 3,49,200 ಮೆಷಿನ್ ಬೆಲೆಯಲ್ಲಿ ಬರಲೇಬಾರದು. ಅದರ ಮೇಲೆ ಸವಕಳಿಯನ್ನೂ ತಗೊಂಡರೆ ಕ್ರೆಡಿಟ್ ಕೈತಪ್ಪುತ್ತದೆ, ಇದನ್ನು ಇವತ್ತೇ ಸರಿಮಾಡಿ. ಲಾರಿ, ಫೌಂಡೇಶನ್ ಮಾತ್ರ ಮೆಷಿನ್ ಬೆಲೆಗೇ ಸೇರಬೇಕು. ಅವಿಲ್ಲದೆ ಮೆಷಿನ್ ಓಡುವುದೇ ಇಲ್ಲ, ಅಲ್ವಾ? ಈಗ 19,40,000ಕ್ಕೆ 60,000 ಸೇರಿ ಸರಿಯಾಗಿ 20,00,000.

ಇನ್ನು ದರದ ವಿಷಯ. 15% ಅನ್ನುವುದು ಆದಾಯ ತೆರಿಗೆ ಲೆಕ್ಕಕ್ಕೆ ಬಳಸುವ ಸವಕಳಿ ದರ. ಕಂಪನಿ ಪುಸ್ತಕಕ್ಕೆ 2013ರ ಕಂಪನಿ ಕಾಯ್ದೆಯ 2ನೇ ಶೆಡ್ಯೂಲ್ ನೋಡಬೇಕು. ಅಲ್ಲಿ ಸಾಮಾನ್ಯ ಯಂತ್ರಕ್ಕೆ 15 ವರ್ಷ ಆಯಸ್ಸು, ಕೊನೆಗೆ ಉಳಿಯುವ ಬೆಲೆ ಹೆಚ್ಚೆಂದರೆ 5%. ನಿಮ್ಮ ಆಡಿಟರ್ ವರ್ಷಾವರ್ಷ ಒಂದೇ ಮೊತ್ತ ಕಳೆಯುವ ವಿಧಾನ ಹಿಡಿದಿದ್ದಾರೆ. ಆ 5% ಕಳೆದು ಉಳಿದ 19,00,000ವನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ 1,26,667. ನವೆಂಬರ್‌ನಿಂದ ಮಾರ್ಚ್ 31ಕ್ಕೆ 151 ದಿನ. ಆ ಲೆಕ್ಕಕ್ಕೆ 52,402. ಅವರ ಅಂಕಿ ಸರಿಯಾಗಿದೆ.

ತೆರಿಗೆ ರಿಟರ್ನ್‌ನಲ್ಲೂ ಪೂರ್ತಿ 15% ಸಿಗುವುದಿಲ್ಲ. 180 ದಿನಕ್ಕಿಂತ ಕಡಿಮೆ ಓಡಿದ್ದರಿಂದ ಅರ್ಧ, ಅಂದರೆ 1,50,000. ಹೊಸ ಯಂತ್ರಕ್ಕೆ ಹೆಚ್ಚುವರಿ ಸವಕಳಿಯೂ ಉಂಟು, ಆದರೆ ಕಂಪನಿ 22% ತೆರಿಗೆ ದರ ಆರಿಸಿಕೊಂಡಿದ್ದರೆ ಅದು ಇಲ್ಲ.

ಪುಸ್ತಕದ 52,402, ತೆರಿಗೆಯ 1,50,000, ಈ ಎರಡೂ ಅಂಕಿಗಳನ್ನು ಒಂದೇ ಮಾಡಲು ಹೋಗಬೇಡಿ ಮೇಡಂ. ಎರಡಕ್ಕೂ ಬೇರೆ ಬೇರೆ ಶೀಟ್ ಇಡಿ.

ಲೆಕ್ಕದ ಪುಟ:
22% ದರವನ್ನೇ ಆರಿಸಿದ್ದೇವೆ ಸರ್. ಹಾಗಾದರೆ ನಡುವಿನ 97,598 ಏನಾಗುತ್ತದೆ?

ಹಳೇ ಲೆಡ್ಜರ್:
ಆ ವರ್ಷ ಅಷ್ಟು ಆದಾಯಕ್ಕೆ ತೆರಿಗೆ ಕಟ್ಟುವುದಿಲ್ಲ, ಮುಂದೆ ಕಟ್ಟಬೇಕಾಗುತ್ತದೆ. ಸರ್‌ಚಾರ್ಜ್, ಸೆಸ್ ಸೇರಿ 25.168% ಹಾಕಿದರೆ ಸುಮಾರು 24,563. ಬ್ಯಾಲೆನ್ಸ್ ಶೀಟ್‌ನಲ್ಲಿ ಅದು ಡಿಫರ್ಡ್ ಟ್ಯಾಕ್ಸ್ ಲಯಬಿಲಿಟಿ ಆಗಿ ನಿಲ್ಲುತ್ತದೆ.

ಅಂದ ಹಾಗೆ, ಲೇತ್ ಎಷ್ಟು ಶಿಫ್ಟ್ ಓಡುತ್ತದೆ?

ಲೆಕ್ಕದ ಪುಟ:
ಆಗ ಒಂದೇ ಶಿಫ್ಟ್ ಇತ್ತು. 2025ರ ಏಪ್ರಿಲ್‌ನಿಂದ ಎರಡು.

ಹಳೇ ಲೆಡ್ಜರ್:
ಕೇಳಿದ್ದು ಒಳ್ಳೆಯದಾಯಿತು. ವರ್ಷಪೂರ್ತಿ ಎರಡು ಶಿಫ್ಟ್ ಓಡಿದರೆ ಪುಸ್ತಕದ ಸವಕಳಿ 50% ಜಾಸ್ತಿ, ಅಂದರೆ 1,90,000. ಶಿಫ್ಟ್ ರಿಜಿಸ್ಟರ್ ಪ್ರತಿಯನ್ನು ಆಡಿಟರ್‌ಗೆ ಈಗಲೇ ಕೊಟ್ಟಿಡಿ.